ಅವಳ ಕಥೆ, ಯಾರ ವಾಕ್ಯ?

"ಏಟು ತಿಂದು ಮನೆ ಬಿಟ್ಟು ಬಂದ ಹೆಂಗಸಿಗೆ ವಕೀಲರು ಬೇಕು, ಕೆಲಸ ಬೇಕು, ಇರೋಕೊಂದು ಜಾಗ ಬೇಕು. ಕಥೆ-ಕವನದ ಕಮ್ಮಟ ಯಾಕ್ರೀ?"

ದೌರ್ಜನ್ಯ ದಾಟಿ ಬಂದ ಹೆಣ್ಣುಮಕ್ಕಳಿಗೆ ಬರವಣಿಗೆ ಕಮ್ಮಟ ಅಂದ ಕೂಡಲೇ ಬರುವ ಪ್ರಶ್ನೆ ಇದು. ಕೇಳೋರು ಬಹುತೇಕ ನಮ್ಮಂಥೋರೇ. ಮಳೆ ಬಂತು ಅಂತ ಒಂದು ಪೋಸ್ಟು, ಮಳೆ ಬರಲಿಲ್ಲ ಅಂತ ಇನ್ನೊಂದು ಪೋಸ್ಟು ಹಾಕೋ ನಾವು, ಬರೆಯೋದು ಬೇರೆಯವರಿಗೆ ಮಾತ್ರ ಶೋಕಿ ಅಂತೀವಲ್ಲ, ಅದು ಹೇಗೆ ಸ್ವಾಮಿ?

ವಕೀಲರು, ಕೆಲಸ, ಜಾಗ ಎಲ್ಲಾ ಬೇಕು, ತಕರಾರಿಲ್ಲ. ಆದರೆ ವಕೀಲರ ಹತ್ತಿರ ಹೋಗೋಕೆ ಮೊದಲು ಯಾರ ಹತ್ತಿರವಾದರೂ ಬಾಯಿ ಬಿಡಬೇಕಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಜನ ಗಂಡನ ಹಿಂಸೆ ಅನುಭವಿಸಿದ್ದಾರೆ. ಇಡೀ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ಶೇ. 14 ಮಾತ್ರ. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಯಾರಿಗೂ ಹೇಳಿಯೇ ಇಲ್ಲ.

ಹೇಳಿದವರ ಕಥೆಯಾದರೂ ಏನಾಗುತ್ತೆ? ಠಾಣೆಯಲ್ಲಿ ಬಾಯಿಮಾತಿನ ದೂರನ್ನು ಪೊಲೀಸರು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರು ಬರೀತಾರೆ. ಅಫಿಡವಿಟ್ಟು ವಕೀಲರ ಭಾಷೆಯಲ್ಲಿ. ಎಲ್ಲಾ ಕಡೆ ಅನುಭವ ಅವಳದ್ದು, ವಾಕ್ಯ ಇನ್ನೊಬ್ಬರದ್ದು. "ಸದರಿ ಆರೋಪಿಯು" ಅಂತ ಯಾವ ಹೆಂಗಸು ಗಂಡನ ಬಗ್ಗೆ ಮಾತಾಡ್ತಾಳೆ? ಕಮ್ಮಟದಲ್ಲಿ ಮಾತ್ರ ಪೆನ್ನು ಅವಳ ಕೈಲಿರುತ್ತೆ.

ಇದೇನು ಟೈಂಪಾಸ್ ಅಲ್ಲ. ಅಮೆರಿಕದ ಕನೆಕ್ಟಿಕಟ್‌ನ ಯಾರ್ಕ್ ಮಹಿಳಾ ಜೈಲಿನಲ್ಲಿ ಕಾದಂಬರಿಕಾರ ವಾಲಿ ಲ್ಯಾಂಬ್ ಕಮ್ಮಟ ನಡೆಸಿದರು. ಅಲ್ಲಿ ಬರೆದವರಲ್ಲಿ ಹಲವರು ದೌರ್ಜನ್ಯ ಉಂಡವರು. 2003ರಲ್ಲಿ ಅವರ ಬರಹಗಳು ಪುಸ್ತಕವಾಗೋ ಹೊತ್ತಿಗೆ, ಜೈಲಿನಲ್ಲಿಟ್ಟುಕೊಂಡ ಖರ್ಚು ಕೊಡಿ ಅಂತ ಸರ್ಕಾರವೇ ಲೇಖಕಿಯರ ಮೇಲೆ ಕೇಸು ಹಾಕಿತು! ಕೆಲಸಕ್ಕೆ ಬಾರದ ಬರಹಕ್ಕೆ ಯಾವ ಸರ್ಕಾರ ಇಷ್ಟು ತಲೆ ಕೆಡಿಸಿಕೊಳ್ಳುತ್ತೆ?

ಹಾಗಂತ ಕಮ್ಮಟ ಮಾಡಿಸೋರೆಲ್ಲ ಸಾಚಾ ಅಂತಲ್ಲ. ಎರಡು ದಿನ ಅಳಿಸಿ, ಬರೆದದ್ದನ್ನು ಬಾಚಿಕೊಂಡು, ವರದಿಯಲ್ಲಿ ಫೋಟೋ ಸಮೇತ ಅಚ್ಚು ಹಾಕೋದು ಕಮ್ಮಟ ಅಲ್ಲ, ಫಸಲು ಕೊಯ್ಲು. ಅದಕ್ಕೇ ನನ್ನ ಷರತ್ತುಗಳು:

1. ಬರೆದ ಹಾಳೆ ಅವಳದ್ದು. ಬರೆದವರೇ ಕಾಪಿರೈಟಿನ ಮೊದಲ ಒಡೆಯರು ಅಂತ 1957ರ ಕಾಯ್ದೆಯೇ ಹೇಳುತ್ತೆ. ಹರಿದು ಹಾಕೋ ಹಕ್ಕೂ ಅವಳದ್ದೇ.

2. ನೋವನ್ನೇ ಬರೀಬೇಕು ಅಂತಿಲ್ಲ. ಸಿನಿಮಾ ಬಗ್ಗೆ, ಸಾರಿನ ಬಗ್ಗೆ, ಕೋಳಿ ಬಗ್ಗೆ ಬರೀಲಿ.

3. ಆಪ್ತ ಸಮಾಲೋಚಕಿ ಅಲ್ಲೇ ಇರಲಿ. ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಘಾತದ ಬಗ್ಗೆ ಬರೆದವರ ಮನಸ್ಸು ಬರೆದ ತಕ್ಷಣ ಇನ್ನಷ್ಟು ಕುಗ್ಗಿತ್ತು. ಅವರು ಡಾಕ್ಟರ ಹತ್ತಿರ ಹೋಗೋದು ಕಮ್ಮಿಯಾದದ್ದು ಆಮೇಲಿನ ತಿಂಗಳುಗಳಲ್ಲಿ. ಕುಗ್ಗಿದ ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅದು ಇನ್ನೊಂದು ಏಟು.

4. ಅವಳ ಕನ್ನಡ ತಿದ್ದಬೇಡಿ. "ಹೊಡ್ದ" ಅಂತ ಬರೆದದ್ದು "ಹಲ್ಲೆ ನಡೆಸಿದನು" ಆದರೆ ಮತ್ತೆ ಠಾಣೆಗೇ ವಾಪಸ್ ಹೋದ ಹಾಗೆ.

ಬ್ಲಾಗಿಗ ಮಿತ್ರರೇ, ಇಂಥ ಬರಹ ನಿಮ್ಮ ಕೈಗೆ ಬಂದರೆ ಲಿಂಕು ಹಂಚೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಅವಳು ಹೂಂ ಅಂದಿದ್ದಾಳಾ?