ಜನತೆಯ ಗಡಿಯಾರಕ್ಕೆ ತಕ್ಕ ಸಂಗ್ರಹಾಲಯ

ಗಡಿಯಾರಗಳ ವಸ್ತುಸಂಗ್ರಹಾಲಯವೆಂದೊಡನೆ ಬಹುಮಂದಿಯ ಕಣ್ಣಿಗೆ ಕಟ್ಟುವುದು ಅರಸರ ಅಂಗಿಯ ಜೇಬಿನಲ್ಲಿದ್ದ ಚಿನ್ನದ ಗಡಿಯಾರಗಳು, ಹರಳು ಕೆತ್ತಿದ ಡಬ್ಬಿಗಳು, ಜಗತ್ತಿನಲ್ಲಿ ಎರಡನೆಯದಿಲ್ಲವೆನಿಸಿಕೊಂಡ ಅಪೂರ್ವ ವಸ್ತುಗಳು. ಜಿನೀವಾ, ಲಂಡನ್ ಮೊದಲಾದ ನಗರಗಳಲ್ಲಿ ಅಂಥ ಸಂಗ್ರಹಗಳುಂಟು. ಬೆಂಗಳೂರಿನ ಜಾಲಹಳ್ಳಿಯಲ್ಲಿ, ಹಳೆಯ ಬಂಗಲೆಯೊಂದರಲ್ಲಿ, 2019ರಲ್ಲಿ ತೆರೆದ ಎಚ್.ಎಂ.ಟಿ. ಸಂಸ್ಥೆಯ ವಸ್ತುಸಂಗ್ರಹಾಲಯ ಆ ಜಾತಿಗೆ ಸೇರಿದುದಲ್ಲ. ಇಲ್ಲಿ ಗಾಜಿನ ಹಿಂದೆ ಕುಳಿತಿರುವುದು ಶಾಲಾ ಉಪಾಧ್ಯಾಯರ, ರೈಲ್ವೆ ಗುಮಾಸ್ತರ, ಮದುವೆಯಲ್ಲಿ ಮಾವನ ಮನೆಯಿಂದ ಕೈಗಡಿಯಾರ ಪಡೆದ ವರಮಹಾಶಯರ ಮಣಿಕಟ್ಟಿನಲ್ಲಿ ಮೂವತ್ತು ನಲವತ್ತು ವರ್ಷ ಓಡಿದ ಸಾಮಾನ್ಯ ಗಡಿಯಾರ. ಹಳೆಯ ಕೈಗಡಿಯಾರಗಳ ಗೀಳು ಹತ್ತಿಸಿಕೊಂಡ ನಮಗೆ ಅಲ್ಲಿಗೆ ಹೋಗಿಬರುವುದು ಒಂದು ಸಂತೋಷ. ಆ ಸಂತೋಷದೊಡನೆ ಒಂದು ವಿಚಾರವೂ ತಲೆಯಲ್ಲಿ ಹೊಕ್ಕಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಒಂದೇ ಒಂದಾಗಿ ಹುಟ್ಟಿದ ವಸ್ತುವನ್ನು ಕಾಪಾಡುವ ಬಗೆ ಬೇರೆ. ಲಕ್ಷಗಟ್ಟಲೆಯಾಗಿ, ಒಂದರಂತೆ ಇನ್ನೊಂದಾಗಿ ಹುಟ್ಟಿದ ವಸ್ತುವನ್ನು ಕಾಪಾಡುವ ಬಗೆ ಬೇರೆ. ಜನತೆಯ ಗಡಿಯಾರದ ಸಂಗ್ರಹಾಲಯ ಅರಮನೆಯ ಸಂಗ್ರಹಾಲಯವನ್ನು ಅನುಕರಿಸಬೇಕಾಗಿಲ್ಲ, ಅನುಕರಿಸಲೂ ಬಾರದು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ 1953ರಲ್ಲಿ ಹುಟ್ಟಿದ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಡನೆ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಗೆ ಕೈ ಹಾಕಿತು. ಮೊದಮೊದಲಿನ ಕೆಲವು ಡಯಲುಗಳ ಮೇಲೆ ಎರಡು ಸಂಸ್ಥೆಗಳ ಹೆಸರೂ ಉಂಟು. ಮೊದಲ ತಂಡದ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಿಡುಗಡೆ ಮಾಡಿದರು. ‘ಜನತಾ’ ಎಂಬ ಹೆಸರು ಆ ಕಾಲದ ಮನೋಧರ್ಮವನ್ನೇ ಹೇಳುತ್ತದೆ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳೆದ್ದವು. ಪೈಲಟ್, ಜವಾನ್, ಸೋನಾ, ಕೋಹಿನೂರ್, ಸ್ವಯಂಚಾಲಿತ ಕಾಂಚನ್, ಅಂಧರಿಗಾಗಿ ಬ್ರೈಲ್ ಗಡಿಯಾರ—ಹೀಗೆ ಪಟ್ಟಿ ಬೆಳೆಯಿತು. ‘ದೇಶ್ ಕೀ ಧಡ್ಕನ್’ ಎಂಬ ಜಾಹೀರಾತಿನ ಮಾತು ಮನೆಮಾತಾಯಿತು. 1969ರ ಡಿಸೆಂಬರಿನಲ್ಲಿ ಸೈಕೊ ಕಂಪನಿ ಜಪಾನಿನಲ್ಲಿ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಾಗ ಕೀಲಿ ಕೊಡುವ ಗಡಿಯಾರಕ್ಕೆ ಎದುರಾಳಿ ಹುಟ್ಟಿತು. ನಮ್ಮ ದೇಶದಲ್ಲಿ ಆ ಎದುರಾಳಿಯ ಬಲ ತಿಳಿದುಬಂದದ್ದು 1984ರಲ್ಲಿ ಸ್ಥಾಪಿತವಾದ ಟೈಟಾನ್ ಹೊಸೂರಿನಿಂದ ಗಡಿಯಾರಗಳನ್ನು ಕಳಿಸತೊಡಗಿದ ಮೇಲೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ಗಡಿಯಾರ ವಿಭಾಗವನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಈ ಏಳುಬೀಳಿನ ಆರ್ಥಿಕ ಕಾರಣಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ನಾವು ಅದಕ್ಕೆ ಕೈ ಹಾಕುವುದಿಲ್ಲ.

ನಮ್ಮ ಕುತೂಹಲವೆಲ್ಲ ಗಡಿಯಾರದ ಹೊಟ್ಟೆಯೊಳಗೆ. ಜನತಾ ಗಡಿಯಾರದ ಬೆನ್ನ ಮುಚ್ಚಳ ತೆಗೆದು ನೋಡಿದವರಿಗೆ ಮೊದಲು ಕಾಣುವುದು ಅತ್ತಿತ್ತ ತೂಗುವ ಒಂದು ಚಕ್ರ. ಇದೇ ಬ್ಯಾಲೆನ್ಸ್ ಚಕ್ರ. ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗೊಂದು ಅದನ್ನು ಪ್ರತಿ ಸಲವೂ ನಡುವಿಗೆ ಎಳೆಯುತ್ತದೆ. ಅದು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ದಿನಕ್ಕೆ 4,32,000. ವರ್ಷಕ್ಕೆ ಹದಿನೈದು ಕೋಟಿ ಎಪ್ಪತ್ತಾರು ಲಕ್ಷವನ್ನು ಮೀರುವ ಮಿಡಿತ! ಹತ್ತುಸಾವಿರ ಮಿಡಿತಗಳಿಗೆ ಒಂದೇ ಒಂದರಷ್ಟು ವ್ಯತ್ಯಾಸ ಬಂದರೂ ಗಡಿಯಾರ ದಿನಕ್ಕೆ ಎಂಟೂವರೆ ಸೆಕೆಂಡಿಗಿಂತ ಹೆಚ್ಚು ತಪ್ಪುತ್ತದೆ. ಬಸ್ಸು ಹಿಡಿಯಲು ಓಡುವವನ ಕೈಯಲ್ಲಿ, ಬೇಸಗೆಯ ಬಿಸಿಲಿನಲ್ಲಿ, ಮಳೆಗಾಲದ ತೇವದಲ್ಲಿ ಇಷ್ಟು ನಿಷ್ಠೆಯಿಂದ ದುಡಿಯುವ ಯಂತ್ರ ನಮ್ಮ ಮನೆಗಳಲ್ಲಿ ಮತ್ತೊಂದಿತ್ತೇ?

ಬಿಸಿಲಿನ ಮಾತು ಬಂದುದರಿಂದ ಒಂದು ವಿಷಯ. ಹಿಂದಿನ ಕಾಲದ ಸಾಮಾನ್ಯ ಉಕ್ಕಿನ ಸುರುಳಿ ಶಾಖಕ್ಕೆ ಬಲಗುಂದುತ್ತಿತ್ತು. ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಗಡಿಯಾರ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತಿತ್ತು. ನಿಕ್ಕಲ್ ಮತ್ತು ಉಕ್ಕಿನ ಮಿಶ್ರಲೋಹಗಳಿಂದ ಈ ದೋಷಕ್ಕೆ ಮದ್ದು ಕಂಡುಹಿಡಿದವರು ಷಾರ್ಲ್ ಎಡ್ವರ್ಡ್ ಗಿಯೋಮ್. ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಡಯಲಿನ ಮೇಲೆ ‘17 ಜ್ಯೂಯೆಲ್ಸ್’ ಎಂಬ ಬರೆಹವನ್ನು ಎಲ್ಲರೂ ಕಂಡಿದ್ದಾರೆ. ಅವು ಆಭರಣದ ಹರಳುಗಳೆಂದು ನಂಬಿ ಹಳೆಯ ಗಡಿಯಾರವನ್ನು ತಿಜೋರಿಯಲ್ಲಿಟ್ಟವರೂ ಉಂಟು. ವಾಸ್ತವವಾಗಿ ಅವು ಕೃತಕವಾಗಿ ತಯಾರಿಸಿದ ಕೆಂಪು ಹರಳುಗಳು, ಬೆಲೆ ಅತ್ಯಲ್ಪ. ಆದರೆ ಅವುಗಳ ಕೆಲಸ ದೊಡ್ಡದು. ಲೋಹದ ಇರುಸು ಲೋಹದ ತೂತಿನಲ್ಲಿ ತಿರುಗಿದರೆ ಎರಡೂ ಸವೆಯುತ್ತವೆ. ನಯವಾದ ಹರಳಿನ ತೂತಿನಲ್ಲಿ ತಿರುಗಿದರೆ ಸವೆತ ಬಹಳ ಕಡಮೆ. ಬ್ಯಾಲೆನ್ಸ್ ಚಕ್ರದ ಇರುಸಿನ ಎರಡು ತುದಿಗಳಿಗೆ ತೂತಿನ ಹರಳು ಎರಡು, ಮೇಲೆ ಮುಚ್ಚುವ ಹರಳು ಎರಡು. ಆ ಚಕ್ರಕ್ಕೆ ನೂಕು ಕೊಡುವ ಸಣ್ಣ ಕಂಬ ಒಂದು. ಹಲ್ಲುಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುವ ಕವಲಿನ ತುದಿಗಳಲ್ಲಿ ಎರಡು. ಆ ಕವಲಿನ ಇರುಸಿಗೆ ಎರಡು. ಉಳಿದ ನಾಲ್ಕು ಚಕ್ರಗಳಿಗೆ ಎರಡೆರಡರಂತೆ ಎಂಟು. ಕೂಡಿಸಿದರೆ ಹದಿನೇಳು. ಹದಿನೇಳೆಂಬುದು ಅಂಗಡಿಯವರು ಹುಟ್ಟಿಸಿದ ಸಂಖ್ಯೆಯಲ್ಲ. ಸರಳವಾದ ಗಡಿಯಾರಕ್ಕೆ ನ್ಯಾಯವಾಗಿ ಬೇಕಾದ ಲೆಕ್ಕ.

ಈಗ ಯೋಚಿಸೋಣ. ಬ್ಯಾಲೆನ್ಸ್ ಚಕ್ರದ ಇರುಸಿನ ತುದಿಯ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಅದನ್ನು ಹಿಡಿಯುವ ಹರಳಿನ ತೂತು ಅದಕ್ಕಿಂತ ಕೂದಲೆಳೆಯ ಒಂದಂಶದಷ್ಟು ಮಾತ್ರ ಅಗಲ. ಒಬ್ಬ ಸ್ವಿಸ್ ಕುಶಲಕರ್ಮಿ ವರ್ಷವಿಡೀ ಕುಳಿತು ಒಂದು ಇರುಸನ್ನು ಒಂದು ತೂತಿಗೆ ಹೊಂದಿಸುವುದು ಆಶ್ಚರ್ಯವಲ್ಲ. ಆದರೆ ಸೋಮವಾರ ತಯಾರಾದ ಯಾವುದೇ ಇರುಸು ಶುಕ್ರವಾರ ತಯಾರಾದ ಯಾವುದೇ ತೂತಿಗೆ ಹೊಂದಬೇಕು. ಹತ್ತು ವರ್ಷದ ಮೇಲೆ ಚಿಕ್ಕ ಊರಿನ ರಿಪೇರಿ ಅಂಗಡಿಯಲ್ಲಿ ಬಿಡಿಭಾಗವಾಗಿ ಕೊಂಡುದೂ ಹೊಂದಬೇಕು. ಇದು ಬೇರೆಯೇ ಬಗೆಯ ಸಾಧನೆ. ಅಮೆರಿಕದ ವಾಲ್ತಮ್ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಪ್ರಯತ್ನ ಬೇರೂರಿತು. 1876ರ ಫಿಲಡೆಲ್ಫಿಯಾ ಪ್ರದರ್ಶನವನ್ನು ನೋಡಲು ಸ್ವಿಸ್ ದೇಶದಿಂದ ಹೋದ ಜಾಕ್ ದಾವೀದ್ ಎಂಬ ಎಂಜಿನಿಯರು ಅಲ್ಲಿನ ಯಂತ್ರಗಳನ್ನು ಕಂಡು ಬೆಚ್ಚಿ, ನಾವು ಬದಲಾಗದಿದ್ದರೆ ಉಳಿಗಾಲವಿಲ್ಲವೆಂಬ ಅರ್ಥದ ವರದಿಯನ್ನು ತನ್ನ ದೇಶದವರಿಗೆ ಒಪ್ಪಿಸಿದನು. ಗಡಿಯಾರ ತಯಾರಿಕೆಯ ಪರಂಪರೆಯೇ ಇಲ್ಲದ ಬೆಂಗಳೂರಿನಲ್ಲಿ, ಶಾಲೆ ಮುಗಿಸಿ ಬಂದ ಹುಡುಗರೂ ಹುಡುಗಿಯರೂ ಕೆಲವೇ ವರ್ಷಗಳಲ್ಲಿ ಆ ವಿದ್ಯೆಯನ್ನು ಕರಗತ ಮಾಡಿಕೊಂಡರೆಂಬುದು ನಮ್ಮ ಯಂತ್ರವಿದ್ಯೆಯ ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

ಹಾಗಾದರೆ ಇಂಥ ಗಡಿಯಾರದ ನಿಜವಾದ ಸ್ಮಾರಕ ಯಾವುದು? ಮಿರುಗುವ ಡಯಲುಗಳ ಸಾಲೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಅದನ್ನು ಅಳೆದ ಗೇಜು, ಒತ್ತಿದ ಅಚ್ಚು, ಕೊರೆದ ಲೇತು, ಎಲ್ಲಕ್ಕಿಂತ ಹೆಚ್ಚಾಗಿ ಎಷ್ಟು ವ್ಯತ್ಯಾಸವನ್ನು ಸಹಿಸಬಹುದೆಂದು ಅಂಕಿಯಲ್ಲಿ ಬರೆದ ನಕ್ಷೆ. ನಕ್ಷೆಯೊಂದು ಉಳಿದರೆ ಇರುಸನ್ನು ಮತ್ತೆ ಮಾಡಬಹುದು. ಡಯಲು ಮಾತ್ರ ಉಳಿದರೆ ಅದನ್ನು ನೋಡಬಹುದು, ಅಷ್ಟೇ. ಜಾಲಹಳ್ಳಿಯಲ್ಲಿ ನೋಡಬಂದವರು ಸಹಜವಾಗಿಯೇ ಗಾಜಿನ ಮುಂದೆ ನಿಂತು ತಮ್ಮ ತಂದೆಯ ಗಡಿಯಾರ ಎಲ್ಲಿದೆಯೆಂದು ಹುಡುಕುತ್ತಾರೆ. ಸಿಕ್ಕಿದರೆ ಮಕ್ಕಳಿಗೆ ತೋರಿಸಿ ಸಂತೋಷಪಡುತ್ತಾರೆ. ನಾವೂ ಹುಡುಕಿದವರೇ. ಆದರೆ ಪಕ್ಕದಲ್ಲಿರುವ ಯಂತ್ರೋಪಕರಣಗಳ ಮುಂದೆ ಅವರು ನಿಲ್ಲುವುದು ಅರ್ಧ ನಿಮಿಷ. ಯಂತ್ರದ ಮುಂದೆ ನಿಲ್ಲಿಸುವಂತೆ ಕಥೆ ಹೇಳುವುದು ಎಲ್ಲ ಕೈಗಾರಿಕಾ ಸಂಗ್ರಹಾಲಯಗಳ ಹೊಣೆ. ಅದು ಸುಲಭವಲ್ಲವೆಂಬುದನ್ನೂ ಒಪ್ಪುತ್ತೇವೆ.

ಸಂಗ್ರಹಾಲಯದಲ್ಲಿರುವ ಗಡಿಯಾರ ಓಡಬೇಕೋ ನಿಂತಿರಬೇಕೋ ಎಂಬ ಹಳೆಯ ತಕರಾರಿಗೂ ಇಲ್ಲಿ ಹೊಸ ಉತ್ತರ ದೊರೆಯುತ್ತದೆ. ಗ್ರೀನಿಚ್ಚಿನಲ್ಲಿ ಜಾನ್ ಹ್ಯಾರಿಸನ್ನನ ನಾಲ್ಕು ಪ್ರಸಿದ್ಧ ಕಾಲಮಾಪಕಗಳಿವೆ. ಸಮುದ್ರದ ಮೇಲೆ ರೇಖಾಂಶವನ್ನು ಕಂಡುಹಿಡಿಯಲು ಅವನು ಬಾಳನ್ನೇ ಸವೆಸಿ ಕಟ್ಟಿದವು ಅವು. ಮೊದಲ ಮೂರಕ್ಕೆ ಎಣ್ಣೆ ಬೇಡ; ಅವು ಓಡುತ್ತವೆ. 1759ರಲ್ಲಿ ಮುಗಿದ ನಾಲ್ಕನೆಯದು ದೊಡ್ಡ ಜೇಬುಗಡಿಯಾರದ ರೂಪದ್ದು. ಅದಕ್ಕೆ ಎಣ್ಣೆ ಬೇಕು, ಎಣ್ಣೆ ಕೆಟ್ಟರೆ ಸವೆತ ಬರುತ್ತದೆ. ಆದ್ದರಿಂದ ಅದನ್ನು ನಿಲ್ಲಿಸಿಯೇ ಇಟ್ಟಿದ್ದಾರೆ. ಅದು ವಿವೇಕ, ಏಕೆಂದರೆ ಇನ್ನೊಂದಿಲ್ಲ. ಜನತಾ ಗಡಿಯಾರಕ್ಕೆ ಈ ಸಂಕಟವೇ ಇಲ್ಲ. ಒಂದನ್ನು ಕೈ ಸೋಕದಂತೆ ಮುಚ್ಚಿಡಬಹುದು. ಒಂದನ್ನು ಪ್ರತಿದಿನ ಬೆಳಗ್ಗೆ ಕೀಲಿ ಕೊಟ್ಟು ಓಡಿಸಬಹುದು. ಮೂರನೆಯದನ್ನು ಬಿಚ್ಚಿ ಭಾಗಭಾಗವಾಗಿ ಹರಡಿ, ನಾಲ್ಕನೆಯದನ್ನು ಶಾಲೆಯ ಮಕ್ಕಳ ಕೈಗೇ ಕೊಡಬಹುದು. ಕೆಟ್ಟರೆ ಕೆಡಲಿ, ಐದನೆಯದಿದೆ.

ಹಳೆಯ ಗಡಿಯಾರ ಕೊಳ್ಳುವ ನಮ್ಮಂಥವರಿಗೆ ಸಂಗ್ರಹಾಲಯದಿಂದ ಇನ್ನೂ ಒಂದು ಉಪಕಾರವಾಗಬೇಕು. ಎಚ್.ಎಂ.ಟಿ. ಗಡಿಯಾರಗಳ ಮೇಲೆ ಮೋಹ ಹೆಚ್ಚಿದಂತೆ ಪೇಟೆಯಲ್ಲಿ ಒಂದು ವಿಚಿತ್ರ ವ್ಯಾಪಾರ ಬೆಳೆದಿದೆ. ಸವೆದ ಯಂತ್ರವೊಂದಕ್ಕೆ ಬೇರೆ ಗಡಿಯಾರದ ಮುಳ್ಳು, ಮತ್ತೊಂದರ ಕವಚ ಜೋಡಿಸಿ, ಡಯಲಿನ ಹಳೆಯ ಬಣ್ಣ ಕೆರೆದು, ಕಾರ್ಖಾನೆ ಕನಸಿನಲ್ಲಿಯೂ ಕಾಣದ ಕಿತ್ತಳೆ, ಗಿಣಿಹಸುರು ಬಣ್ಣ ಬಳಿದು, ಅಕ್ಷರಗಳನ್ನು ಹೊಸದಾಗಿ ಅಚ್ಚು ಹಾಕಿ ‘ಅಪರೂಪದ ಪೈಲಟ್’ ಎಂದು ಮಾರುತ್ತಾರೆ. ಕೊಳ್ಳುವವರಿಗೆ ಹಣ ನಷ್ಟ. ಅದು ಸಣ್ಣ ವಿಚಾರ. ಕೆರೆದ ಬಣ್ಣದೊಡನೆ ಒಂದು ಸಾಕ್ಷ್ಯವೇ ಅಳಿದುಹೋಗುತ್ತದೆ. ಅದು ದೊಡ್ಡ ವಿಚಾರ. ಇನ್ನು ಐವತ್ತು ವರ್ಷದ ಮೇಲೆ ಇದರ ಚರಿತ್ರೆ ಬರೆಯುವವನ ಕೈಗೆ ಅಸಲಿಗಿಂತ ಬಣ್ಣ ಬಳಿದವೇ ಹೆಚ್ಚಾಗಿ ಸಿಗಬಹುದು. ಇದಕ್ಕೆ ಮದ್ದು ಪೋಲೀಸರ ಕೈಯಲ್ಲಿಲ್ಲ. ಪ್ರಶ್ನಾತೀತವಾದ ಮಾದರಿ ಒಂದೆಡೆ ಇದ್ದು, ಅದರ ಡಯಲು, ಮುಳ್ಳು, ಕವಚದ ಬೆನ್ನು, ಒಳಗಿನ ಯಂತ್ರ ಇವುಗಳ ಸ್ಪಷ್ಟ ಚಿತ್ರ, ಅಳತೆ, ತಯಾರಾದ ವರ್ಷ ಎಲ್ಲವೂ ಸಾರ್ವಜನಿಕರಿಗೆ ದೊರೆಯುವಂತಾದರೆ ಸುಳ್ಳು ತಾನಾಗಿ ಬಯಲಾಗುತ್ತದೆ. ಅಳತೆಯ ಮೀಟರಿಗೂ ಕಿಲೋಗ್ರಾಮಿಗೂ ಒಂದು ಕಾಲದಲ್ಲಿ ಪ್ಯಾರಿಸಿನ ಬಳಿ ಮೂಲ ಮಾದರಿಗಳನ್ನು ಇಟ್ಟಿದ್ದರಲ್ಲ, ಅಂಥದೇ ಸ್ಥಾನ ಜಾಲಹಳ್ಳಿಗೆ ಈ ಕ್ಷೇತ್ರದಲ್ಲಿ ಸಲ್ಲಬೇಕು.

‘ಇಷ್ಟೆಲ್ಲ ಏತಕ್ಕೆ? ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅಗ್ಗದ ಗಡಿಯಾರವೂ ನಿಮ್ಮ ಜನತಾಗಿಂತ ಸರಿಯಾಗಿ ಓಡುತ್ತದೆ’ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಕಾಲ ತಿಳಿಯುವುದಷ್ಟೇ ಗುರಿಯಾದರೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಕ್ವಾರ್ಟ್ಸ್ ಗಡಿಯಾರ ಕೆಟ್ಟರೆ ಸಾಮಾನ್ಯವಾಗಿ ಒಳಗಿನ ಯಂತ್ರವನ್ನೇ ಎಸೆದು ಹೊಸದನ್ನು ಹಾಕುತ್ತಾರೆ. ಕೀಲಿ ಗಡಿಯಾರ ಕೆಟ್ಟರೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮುರಿದ ಒಂದು ಭಾಗವನ್ನು ಬದಲಿಸಿ ಮತ್ತೆ ಓಡಿಸುತ್ತಾರೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಈ ಕೆಲಸ ಮಾಡಬಲ್ಲವರು ಒಂದು ಕಾಲದಲ್ಲಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಇದ್ದರು. ಈಗ ಆ ಅಂಗಡಿಗಳಲ್ಲಿ ಹೆಚ್ಚಿನವು ಬ್ಯಾಟರಿ ಮತ್ತು ಪಟ್ಟಿ ಬದಲಿಸುವ ಅಂಗಡಿಗಳು. ಬಿಡಿಭಾಗಗಳ ಹಳೆಯ ದಾಸ್ತಾನು ಕರಗುತ್ತಿದೆ. ಒಂದು ಗಡಿಯಾರ ಓಡಿಸಲು ಎರಡು ಗಡಿಯಾರಗಳ ಹೊಟ್ಟೆ ಬಗೆಯುವ ಪದ್ಧತಿ ಆಗಲೇ ಬಂದಿದೆ.

ದಾಸ್ತಾನಿಗಿಂತ ಬೇಗ ಕರಗುತ್ತಿರುವುದು ಮನುಷ್ಯರ ತಿಳಿವಳಿಕೆ. ಕಾರ್ಖಾನೆಯ ಜೋಡಣೆಯ ಸಾಲುಗಳಲ್ಲಿ ಕುಳಿತು ಚಿಮಟಿಗೆಯ ತುದಿಯಲ್ಲಿ ಸುರುಳಿ ಸ್ಪ್ರಿಂಗನ್ನು ಹಿಡಿದು ಕೂರಿಸಿದವರು, ಅವರಲ್ಲಿ ಎಷ್ಟೋ ಮಂದಿ ಸ್ತ್ರೀಯರು, ಇಂದು ಅಜ್ಜಿ ತಾತಂದಿರಾಗಿದ್ದಾರೆ. ಸುರುಳಿ ಸ್ವಲ್ಪ ಸೊಟ್ಟಗಾದಾಗ ಅದನ್ನು ಯಾವ ಬದಿಯಿಂದ ಎಷ್ಟು ಒತ್ತಬೇಕೆಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಅದು ಅವರ ಬೆರಳಿನಲ್ಲಿದೆ. ಅವರನ್ನು ವರ್ಷಕ್ಕೆ ಕೆಲವು ದಿನ ಸಂಗ್ರಹಾಲಯಕ್ಕೆ ಕರೆದು, ಮೇಜಿನ ಮುಂದೆ ಕುಳ್ಳಿರಿಸಿ, ಕೈಕೆಲಸವನ್ನು ಚಲನಚಿತ್ರದಲ್ಲಿ ಹಿಡಿದಿಟ್ಟು, ಆಸಕ್ತಿಯುಳ್ಳ ಹತ್ತು ಹುಡುಗರಿಗೆ ಪಾಠ ಹೇಳಿಸಿದರೆ ಆಗುವ ಖರ್ಚು ಎಷ್ಟು? ಹೊಸದೊಂದು ಗಾಜಿನ ಕಪಾಟಿಗೆ ತಗಲುವುದಕ್ಕಿಂತ ಬಹಳ ಹೆಚ್ಚಾಗಲಾರದು. ಕಾಯುವುದಕ್ಕೆ ಮಾತ್ರ ಸಮಯವಿಲ್ಲ. 1961ರಲ್ಲಿ ಇಪ್ಪತ್ತು ವರ್ಷದವರಾಗಿ ಕೆಲಸಕ್ಕೆ ಸೇರಿದವರ ವಯಸ್ಸನ್ನು ವಾಚಕರೇ ಲೆಕ್ಕ ಹಾಕಿ ನೋಡಬಹುದು.

ಜಾಲಹಳ್ಳಿಗೆ ಹೋಗುವ ಸ್ನೇಹಿತರು ಜೇಬಿನಲ್ಲೊಂದು ಭೂತಕನ್ನಡಿ ಒಯ್ಯುವುದು ಒಳ್ಳೆಯದು. ಡಯಲಿನ ಮೇಲಿನ ‘17’ರ ಏಳು ಹೇಗೆ ಬಾಗಿದೆ, ‘ಪ್ಯಾರಾಶಾಕ್’ ಎಂಬ ಅಕ್ಷರಗಳು ಎಷ್ಟು ಸಣ್ಣವು, ಸೆಕೆಂಡಿನ ಮುಳ್ಳು ಯಾವ ಗೆರೆಯವರೆಗೆ ಮುಟ್ಟುತ್ತದೆ ಎಂಬುದನ್ನು ನೋಡಿ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲಿ. ಮನೆಗೆ ಬಂದು ತಮ್ಮ ಪೆಟ್ಟಿಗೆಯಲ್ಲಿರುವುದನ್ನು ತೆಗೆದು ಹೋಲಿಸಲಿ. ಬಹುಕಾಲ ಸುಮ್ಮನಿದ್ದ ಗಡಿಯಾರಕ್ಕೆ ಒಡನೆಯೇ ಕೀಲಿ ಕೊಡಬಾರದು. ಒಳಗಿನ ಎಣ್ಣೆ ಅಂಟಾಗಿರುತ್ತದೆ. ಮೊದಲು ಬಲ್ಲವರೊಬ್ಬರಿಂದ ತೊಳೆಸಬೇಕು. ಅಂಥವರು ನಿಮ್ಮ ಊರಿನಲ್ಲಿ ಇನ್ನೂ ಒಬ್ಬರಿದ್ದರೆ ಅವರ ಬಳಿ ಕೆಲಸ ಕಲಿಯುತ್ತಿರುವವರು ಯಾರಾದರೂ ಇದ್ದಾರೆಯೇ ಎಂಬುದನ್ನೂ ಕೇಳಿಬರಲಿ.