ಮರದ ಮೇಲೇಕೆ ಮುನಿಸು?

ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿಗೆ ಮೊದಲ ಗಾಳಿಮಳೆ ಬಂದು ಯಾರದೋ ಮನೆಯಂಗಳದ ಮರ ಉರುಳಿತೆಂದರೆ, ಬೀದಿಗೆ ಬೀದಿಯೇ ಮರಕ್ಕೆ ಶಾಪ ಹಾಕುತ್ತದೆ. ಉರುಳಿದ ಮರದ ಬುಡವನ್ನು ಬಗ್ಗಿ ನೋಡಿದ ಪುಣ್ಯಾತ್ಮರೆಷ್ಟು ಮಂದಿ? ಕಾಂಡಕ್ಕೆ ಒತ್ತಿ ಹಾಕಿದ ಕಾಂಕ್ರೀಟು; ಕಾಂಪೌಂಡಿನ ಪಾಯಕ್ಕೆಂದು ಒಂದು ಮಗ್ಗುಲಲ್ಲಿ ಕಡಿದ ಬೇರು; ತಂತಿಗೆ ತಾಗುತ್ತದೆಂದು ಒಂದೇ ಕಡೆ ಸವರಿದ ಕೊಂಬೆ. ಕಾಲು ಕತ್ತರಿಸಿ, ಕುತ್ತಿಗೆ ಹಿಸುಕಿ, ಬಿದ್ದೆಯೇಕೆ ಎಂದು ಕೇಳುವ ನ್ಯಾಯವಿದು!

ಬೇರೆಲ್ಲ ಪಾತಾಳಕ್ಕಿಳಿಯುತ್ತದೆಂದು ನಮ್ಮ ನಂಬಿಕೆ. ನಿಜವಾಗಿ, ಮರಕ್ಕೆ ಉಣಿಸುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಸಿಮೆಂಟು ಎರಡನ್ನೂ ತಡೆಯುತ್ತದೆ.

ಎಲೆ ಗುಡಿಸುವವರ ಕಷ್ಟ ಸುಳ್ಳೆನ್ನುವುದಿಲ್ಲ. ಆದರೆ ಹೊಂಗೆ ಬೋಳಾಗಿರುವುದು ಕೆಲವೇ ದಿನ. ಬಿಸಿಲು ಬಲಿಯುವಷ್ಟರಲ್ಲಿ ಚಿಗುರಿ ಮನೆಗೆ ನೆರಳಾಗುತ್ತದೆ. ಉದುರಿದ ಎಲೆಗೆ ಬೆಂಕಿಯಿಡುವ ಬದಲು ಪಾತಿಗೆ ಹೊದಿಸಿದರೆ ನಮ್ಮ ಕೆಂಪು ಮಣ್ಣಿನಲ್ಲಿ ತೇವ ನಿಲ್ಲುತ್ತದೆ, ಗೊಬ್ಬರವೂ ಆಗುತ್ತದೆ.

1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸ್ವಂತ ನಿವೇಶನದ ಮರ ಕಡಿಯಲೂ ಸಾಮಾನ್ಯವಾಗಿ ಅಪ್ಪಣೆ ಬೇಕು. ಕೊಡಲಿ ಎತ್ತಿದರೆ ನೆರೆಯವರು ಕೂಗೆಬ್ಬಿಸುತ್ತಾರೆ; ಸಿಮೆಂಟು ಸುರಿದರೆ ಅಂಗಳ ಚೊಕ್ಕಟವಾಯಿತೆಂದು ಹೊಗಳುತ್ತಾರೆ. ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟು ಕೀಳಿಸಲು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಬೇಕಾಯಿತು. ನಮ್ಮ ಅಂಗಳದ ನಾಲ್ಕು ಕಲ್ಲು ಕೀಳಲು ನಮಗೆ ಯಾರ ಆಜ್ಞೆ ಬೇಕು? ಒಂದು ಹಾರೆ ಸಾಕು.