ಮನೆಗೂ ಉಂಟು ಜಡತ್ವ

ಹೊರಗಿನ ಬಲ ಬೀಳದ ಹೊರತು ನಿಂತ ವಸ್ತು ನಿಂತೇ ಇರುತ್ತದೆ. ಪ್ರೌಢಶಾಲೆಯಲ್ಲಿ ಕಲಿಯುವ ಈ ಜಡತ್ವದ ನಿಯಮ ಮನೆ ಮಾರುವ ವ್ಯವಹಾರಕ್ಕೂ ಅನ್ವಯಿಸೀತೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನುಭವ ಹೌದೆನ್ನುತ್ತದೆ. ಕೆಲಸಕ್ಕೆಂದು ಹೋದ ನಮ್ಮ ಎಷ್ಟೋ ಮಕ್ಕಳು ಮನೆ ಮಾಡಿಕೊಂಡಿರುವುದೂ ಅಲ್ಲಿಯೇ.

1970ರ ದಶಕದಲ್ಲಿ ಅಲ್ಲಿ ಮನೆಗಳ ಬೆಲೆ ವಿಪರೀತ ಏರಿತು. ಬೆಲೆಯ ಬೆನ್ನಿಗೇ ಮನೆ ಕಂದಾಯವೂ ಏರಿತು. ನಿವೃತ್ತರು ಕಂದಾಯ ಕಟ್ಟಲಾರದೆ ಮನೆಯನ್ನೇ ಮಾರಬೇಕಾದೀತೆಂದು ಹೆದರಿದರು. 1978ರ ಜೂನ್‌ನಲ್ಲಿ ಜನರೇ ಮತ ಹಾಕಿ 'ಪ್ರೊಪೊಸಿಷನ್ 13' ಎಂಬ ತಿದ್ದುಪಡಿಯನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಅದರ ಪ್ರಕಾರ ಮೂಲ ಕಂದಾಯ ಮನೆಯ ಲೆಕ್ಕದ ಬೆಲೆಯ ಶೇಕಡ 1ನ್ನು ಮೀರುವಂತಿಲ್ಲ. ಆ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಮಾರಾಟವಾದಾಗ ಮಾತ್ರ ಪೇಟೆಯ ಬೆಲೆಗೆ ಹೊಸ ಲೆಕ್ಕ.

ಗಂಟು ಇರುವುದು ಈ ಕೊನೆಯ ಮಾತಿನಲ್ಲಿ. ಒಂದು ಲಕ್ಷ ಡಾಲರಿಗೆ ಕೊಂಡ ಮನೆಯೊಂದನ್ನು ಊಹಿಸಿಕೊಳ್ಳಿ. ಶೇಕಡ 2ರ ಚಕ್ರಬಡ್ಡಿಯಂತೆ ಬೆಳೆದು 30 ವರ್ಷಕ್ಕೆ ಅದರ ಲೆಕ್ಕದ ಬೆಲೆ ಸುಮಾರು 1 ಲಕ್ಷ 81 ಸಾವಿರ. ಕಂದಾಯ 1,810 ಡಾಲರ್. ಪೇಟೆಯಲ್ಲಿ ಅದೇ ಮನೆಗೆ 8 ಲಕ್ಷ ಬೆಲೆ ಇದೆ ಎನ್ನೋಣ. ಇದನ್ನು ಮಾರಿ ಅರ್ಧ ಬೆಲೆಯ ಚಿಕ್ಕ ಮನೆಗೆ ಹೋದರೂ ಕಂದಾಯ 4,000! ಮನೆ ಚಿಕ್ಕದಾಯಿತು, ಕಂದಾಯ ಇಮ್ಮಡಿಯಾಯಿತು. ಹೀಗಿರುವಾಗ ಯಾರು ತಾನೇ ಕದಲುತ್ತಾರೆ? ದ್ರವ್ಯರಾಶಿ ಹೆಚ್ಚಿದಂತೆ ಜಡತ್ವ ಹೆಚ್ಚುತ್ತದೆ. ಇಲ್ಲಿ ಕಳೆದ ವರ್ಷಗಳೇ ದ್ರವ್ಯರಾಶಿ.

ಇದರ ಭಾರ ಹೊಸದಾಗಿ ಬಂದವರ ಮೇಲೆ ಬಿತ್ತು. 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮನೆ ಕೊಂಡ ಮಹಿಳೆಯೊಬ್ಬರಿಗೆ ಸುಮಾರು 1,700 ಡಾಲರ್ ಕಂದಾಯ ಬಂತು. ಅಂಥದೇ ಮನೆಯಲ್ಲಿದ್ದ ಹಳಬರು ಕಟ್ಟುತ್ತಿದ್ದುದು 358. ಇದು ಸಮಾನತೆಯೇ ಎಂದು ಆಕೆ ನ್ಯಾಯಾಲಯದ ಮೆಟ್ಟಿಲೇರಿದರು. 1992ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಕೊಳ್ಳುವವರಿಗೆ ಕಂದಾಯ ಎಷ್ಟೆಂದು ಮೊದಲೇ ತಿಳಿದಿರುತ್ತದೆ. ಇದ್ದವರು ನೆಲೆ ತಪ್ಪದಂತೆ ನೋಡಿಕೊಳ್ಳುವುದೂ ಸರ್ಕಾರಕ್ಕೆ ತಕ್ಕ ಉದ್ದೇಶ ಎಂದಿತು.

ಶಾಲೆಗಳಿಗೂ ಬಿಸಿ ತಟ್ಟಿತು. ಅಲ್ಲಿನ ಶಾಲೆಗಳು ನಡೆಯುತ್ತಿದ್ದುದು ಬಹುಪಾಲು ಮನೆ ಕಂದಾಯದಿಂದ. ಆ ಆದಾಯ ಒಮ್ಮೆಗೇ ಅರ್ಧಕ್ಕಿಂತ ಕೆಳಗಿಳಿದಾಗ ಅವು ರಾಜ್ಯದ ಬೊಕ್ಕಸದತ್ತ ನೋಡಬೇಕಾಯಿತು.

ಕ್ರಮೇಣ ಬಿಗಿ ಸಡಿಲವಾಯಿತು. 2020ರ ನವೆಂಬರ್‌ನಲ್ಲಿ ಜನ ಒಪ್ಪಿದ 'ಪ್ರೊಪೊಸಿಷನ್ 19'ರಂತೆ, 55 ವರ್ಷ ತುಂಬಿದವರು ಹಳೆಯ ಲೆಕ್ಕವನ್ನು ರಾಜ್ಯದ ಯಾವ ಊರಿನ ಮನೆಗಾದರೂ ಒಯ್ಯಬಹುದು, ಅದೂ ಮೂರು ಬಾರಿ. ಆದರೆ ತಂದೆತಾಯಿಯ ಮನೆ ಪಡೆದ ಮಕ್ಕಳು ಅದರಲ್ಲೇ ವಾಸಿಸದಿದ್ದರೆ ಹಳೆಯ ಕಂದಾಯದ ಸೌಲಭ್ಯ ಇಲ್ಲ.

ವೃದ್ಧರನ್ನು ಬೀದಿಗೆ ಬೀಳದಂತೆ ಕಾಯ್ದ ನಿಯಮವೇ ಎಳೆಯ ಸಂಸಾರಗಳಿಗೆ ಬಾಗಿಲು ಕಿರಿದು ಮಾಡಿತು. ಆದ್ದರಿಂದ ಯಾವುದೇ ತೆರಿಗೆಯ ವಿಷಯ ಬಂದಾಗ ದರವೆಷ್ಟು ಎಂದಷ್ಟೇ ಕೇಳಿದರೆ ಸಾಲದು. ಅದು ಯಾರನ್ನು ಕದಲಿಸುತ್ತದೆ, ಯಾರನ್ನು ಕಟ್ಟಿಹಾಕುತ್ತದೆ ಎಂದೂ ಕೇಳಬೇಕು.

ಮಕ್ಕಳೇ, ಈ ವಾರದ ಲೆಕ್ಕ: ಶೇಕಡ 2ರಂತೆ ಬೆಳೆಯುವ ಮೊತ್ತ 35 ವರ್ಷಕ್ಕೆ ಎರಡರಷ್ಟಾಗುತ್ತದೆ. ಶೇಕಡ 7ರಂತೆ ಬೆಳೆದರೆ ಅಷ್ಟೇ ವರ್ಷಗಳಲ್ಲಿ ಎಷ್ಟಾದೀತು? ಅಪ್ಪ ಅಮ್ಮನನ್ನೂ ಜತೆಗೆ ಕೂರಿಸಿಕೊಂಡು ಮಾಡಿ ನೋಡಿ.